ಸಹಾಯ ಬೇಕು: ಮೆಕ್ಕೆಜೋಳದ ಸೂಲಂಗಿಯಲ್ಲೇ ಕಾಳು ಕಟ್ಟಿದೆ

ಜಗಳೂರು ಕಡೆ ನಮ್ಮ ಹೊಲ, ಮಳೆ ನಂಬಿದ ಹೈಬ್ರಿಡ್ ಮೆಕ್ಕೆಜೋಳ. ಕೆಲವು ಗಿಡಗಳ ತುದಿಯಲ್ಲಿ, ಗಂಡು ಹೂ (ಸೂಲಂಗಿ) ಇರಬೇಕಾದ ಜಾಗದಲ್ಲಿ, ಕೂದಲು ಬಂದು ಕಾಳೂ ಕಟ್ಟಿದೆ. ಮೇಲೆ ಸಿಪ್ಪೆ ಇಲ್ಲ, ಗಿಳಿಗಳಿಗೆ ಹಬ್ಬ. ಬೀಜದ ಅಂಗಡಿಯಲ್ಲಿ ಕೇಳಿದ್ರೆ "ಹವಾಮಾನ" ಅಂದು ಸುಮ್ಮನಾದ್ರು.

ಓದಿ ನೋಡಿದೆ. ಸೂಲಂಗಿಯ ಹೂವೂ ಶುರುವಲ್ಲಿ ದ್ವಿಲಿಂಗಿಯೇ. ಆಮೇಲೆ ಹೆಣ್ಣು ಭಾಗ ಸತ್ತು ಕೇಸರ ಮಾತ್ರ ಉಳಿಯುತ್ತೆ. ಟ್ಯಾಸೆಲ್‌ಸೀಡ್ 1 ಅಥವಾ 2 ಅನ್ನೋ ಜೀನ್ ಕೆಟ್ಟರೆ ಹೆಣ್ಣು ಭಾಗ ಸಾಯೋದಿಲ್ಲ, ಕಾಳಾಗುತ್ತೆ. ಆದ್ರೆ ಬುಡದಿಂದ ಒಡೆದ ಮರಿಗಳಲ್ಲಿ, ಎಳೇದ್ರಲ್ಲಿ ಸುಳಿಗೆ ಪೆಟ್ಟು ಬಿದ್ದ ಗಿಡಗಳಲ್ಲಿ, ಮ್ಯುಟೇಶನ್ (ಜೀನ್ ಕೆಡೋದು) ಇಲ್ಲದೆಯೂ ಹೀಗಾಗುತ್ತಂತೆ. ನಮ್ಮಲ್ಲಿ ಹೆಚ್ಚಿನವು ಮರಿಗಳೇ, ಆದ್ರೆ ಒಂದೆರಡು ಮುಖ್ಯ ಕಾಂಡದಲ್ಲೂ ಇವೆ. ತಲೆಕೆಟ್ಟಿರೋದು ಅದಕ್ಕೇ.

ಆ ಕಾಳು ಬಿತ್ತಿ ನೋಡೋಣ ಅಂದ್ರೆ ಬಿದ್ದಿರೋ ಪರಾಗ ಅಕ್ಕಪಕ್ಕದ ಗಿಡಗಳದ್ದು. ಈ ಎರಡೂ ಮ್ಯುಟೇಶನ್ ರಿಸೆಸಿವ್ (ತಂದೆ, ತಾಯಿ ಎರಡೂ ಕಡೆಯಿಂದ ಬಂದ್ರೆ ಮಾತ್ರ ಕಾಣೋದು) ಆದ್ದರಿಂದ ಮುಂದಿನ ಬೆಳೆಯಲ್ಲಿ ಕಾಣದೇ ಅಡಗಿರಬಹುದು.

ತಳಿಶಾಸ್ತ್ರ ಗೊತ್ತಿರೋರು ಹೇಳಿ: ಮುಂದಿನ ಬೆಳೆಗೆ ಚೀಲ ಕಟ್ಟಿ ಸ್ವಪರಾಗ (ಅದೇ ಗಿಡದ ಪರಾಗ ಅದಕ್ಕೇ) ಮಾಡಿಸಿ, ಅದರ ಮರುಬೆಳೆಯಲ್ಲಿ ನಾಲ್ಕಕ್ಕೊಂದು ಗಿಡ ಹೀಗೆ ಬರುತ್ತಾ ಅಂತ ಕಾಯೋದೇ ದಾರಿಯಾ? ಇಲ್ಲಾ ಈಗ ನಿಂತಿರೋ ಗಿಡದಲ್ಲೇ ಗುರುತು ಹಿಡಿಯೋಕೆ ಏನಾದ್ರೂ ಲಕ್ಷಣ ಇದೆಯಾ?