ಮೂರು ಪಂಕ್ ಹಾಡು, ಎರಡು ಆಂಬಿಯಂಟ್ ಟ್ರ್ಯಾಕ್: ಒಂದೇ ಇಪಿಯಲ್ಲಿ ಸದ್ದಿನ ಮಟ್ಟ ಹೊಂದಿಸೋದು ಹೇಗೆ?

ಶೀಟುಮಳೆ (ಮಡಿಕೇರಿ)

ಐದು ಟ್ರ್ಯಾಕಿನ ಇಪಿ (ಆಲ್ಬಮಿಗಿಂತ ಚಿಕ್ಕ ಬಿಡುಗಡೆ), ಒಟ್ಟು 26 ನಿಮಿಷ. 1, 3, 5 ಪಂಕ್ ಕಡೆ ವಾಲಿದ ರಾಕ್. 2 ಮತ್ತು 4 ಆಂಬಿಯಂಟ್: ಜಿಂಕ್ ಶೀಟಿನ ಮೇಲೆ ಬಿದ್ದ ಮಳೆ, ಅದರ ಮೇಲೆ ರಿವರ್ಬ್ (ಮಾರ್ದನಿ) ಹಾಕಿದ ಗಿಟಾರು, ಅಷ್ಟೆ. ಡ್ರಮ್ಸ್ ರೆಕಾರ್ಡ್ ಆಗಿದ್ದು ಕಾಫಿ ಗೋಡೌನಿನಲ್ಲಿ.

ತೊಂದರೆಗಳು ಇವು. ಪಂಕ್ ಹಾಡುಗಳು ಮೈನಸ್ 8 ಎಲ್‌ಯುಎಫ್‌ಎಸ್ (ಕಿವಿಗೆ ಕೇಳೋ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ತೋರಿಸ್ತಿವೆ, ಆಂಬಿಯಂಟ್ ಮೈನಸ್ 24. ಎಲ್ಲವನ್ನೂ ಮೈನಸ್ 14ಕ್ಕೆ ತಂದರೆ ಪಂಕ್ ಸಪ್ಪೆ, ಮಳೆ ಕಿವಿಗೆ ರಾಚುತ್ತೆ, ಹಿಸ್ ಬೇರೆ ಎದ್ದು ಬರುತ್ತೆ. ಎರಡನೆಯದು, ಮಳೆ ಮತ್ತು ಫಜ್ (ಗಿಟಾರಿನ ಸದ್ದನ್ನು ಒಡೆದು ಒರಟು ಮಾಡೋ ಪೆಡಲ್) ಒಟ್ಟಿಗೆ ಬರೋ ಜಾಗದಲ್ಲಿ ಎರಡೂ ಸೇರಿ ಒಂದೇ ಸರ್ರ್ ಅನ್ನೋ ಸದ್ದಾಗುತ್ತೆ. ಮೂರನೆಯದು, ಕರೆಂಟ್ ಹೋಗಿ ಇನ್ವರ್ಟರಿನಲ್ಲಿ ನುಡಿಸಿದ ಗಿಟಾರ್ ಟೇಕುಗಳಲ್ಲೆಲ್ಲ ಜಿರ್ ಅಂತ ಗೊಣಗಾಟ. ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಆದ ಮೇಲೆ ಬಿಡುಗಡೆ ಮಾಡೋ ಯೋಚನೆ. ಬ್ಯಾಂಡ್‌ಕ್ಯಾಂಪ್ (ಬ್ಯಾಂಡಿನವರೇ ಹಾಡು ಮಾರೋ ತಾಣ), ಸ್ಪಾಟಿಫೈ ಎರಡೂ ಕಡೆ.

ಕಣದಬದಿ (ಸಿದ್ದಾಪುರ)

ಮೈನಸ್ 14 ಅನ್ನೋದು ಗುರಿ ಅಲ್ಲ ಮಾರಾಯ್ರೆ. ಅದು ಸ್ಪಾಟಿಫೈ ತನ್ನ ಕಡೆಯಿಂದ ವಾಲ್ಯೂಮ್ ತಿರುಗಿಸೋ ಅಳತೆ. ಮಾಸ್ಟರ್ ಮಾಡೋರು ಅದನ್ನೇ ಹಿಡ್ಕೊಂಡು ಕೂತರೆ ಇಂಥ ಇಪಿ ಕೆಡೋದು ಖಂಡಿತ.

ಅಲ್ಲಿ ಆಗೋದು ಹೀಗೆ. ಆಲ್ಬಮನ್ನು ಕ್ರಮವಾಗಿ ಕೇಳುವಾಗ ಇಡೀ ಆಲ್ಬಮಿಗೆ ಒಂದೇ ಪ್ರಮಾಣದಲ್ಲಿ ಏರಿಸಿ ಇಳಿಸ್ತಾರೆ, ಹಾಡು ಹಾಡಿನ ನಡುವಿನ ಅಂತರ ನೀವು ಇಟ್ಟ ಹಾಗೇ ಉಳೀತದೆ. ಪ್ಲೇಲಿಸ್ಟಿನಲ್ಲೋ ಶಫಲಿನಲ್ಲೋ ಬಂದಾಗ ಮಾತ್ರ ಒಂದೊಂದು ಹಾಡಿಗೂ ಬೇರೆ ಬೇರೆ ಲೆಕ್ಕ. ಜೋರಿನ ಹಾಡನ್ನು ಸಲೀಸಾಗಿ ಇಳಿಸ್ತಾರೆ. ಮೆಲ್ಲಗಿರೋದನ್ನು ಏರಿಸುವಾಗ ಪೀಕ್ (ಸದ್ದಿನ ತುತ್ತತುದಿ) ಮೈನಸ್ 1 ಡಿಬಿ (ಡೆಸಿಬೆಲ್) ದಾಟದ ಹಾಗೆ ನೋಡ್ಕೊಳ್ತಾರೆ. ಅಂದ್ರೆ ಆಂಬಿಯಂಟ್ ಟ್ರ್ಯಾಕ್ ಮೈನಸ್ 19 ಎಲ್‌ಯುಎಫ್‌ಎಸ್, ಪೀಕ್ ಮೈನಸ್ 6 ಇದ್ರೆ 5 ಡಿಬಿ ಏರಲಿಕ್ಕೆ ಜಾಗ ಉಂಟು, ಸರಿಯಾಗಿ ಮೈನಸ್ 14ಕ್ಕೆ ಮುಟ್ತದೆ. ಅದೇ ಟ್ರ್ಯಾಕಿನಲ್ಲಿ ಒಂದು ಗುಡುಗು ಮೈನಸ್ 2ಕ್ಕೆ ಹೊಡೆದಿದ್ರೆ ಬರೀ 1 ಡಿಬಿ ಏರಿ ಅಲ್ಲೇ ನಿಲ್ತದೆ. ಹಾಗಾಗಿ ಲಿಮಿಟರ್ ಹಾಕಿ ಇಡೀ ಟ್ರ್ಯಾಕನ್ನು ಹಿಂಡುವ ಬದಲು ಆ ಒಂದು ಗುಡುಗನ್ನು ವಾಲ್ಯೂಮ್ ಆಟೊಮೇಶನ್ನಿನಲ್ಲಿ ಕೈಯಾರೆ 4 ಡಿಬಿ ಇಳಿಸಿ.

ನಿಮ್ಮ 16 ಡಿಬಿ ಅಂತರ ಮಾತ್ರ ಅತಿಯಾಯ್ತು. ಹೆಡ್‌ಫೋನಿನಲ್ಲಿ ಮಳೆ ಕೇಳಬೇಕು ಅಂತ ವಾಲ್ಯೂಮ್ ಏರಿಸಿದವನಿಗೆ ಮೂರನೇ ಹಾಡು ಶುರುವಾದ ಕೂಡಲೇ ಕಿವಿಗೆ ಪೆಟ್ಟು. ಅಂತರ 8ರಿಂದ 10 ಡಿಬಿಯೊಳಗೆ ಸಾಕು: ಪಂಕ್ ಮೈನಸ್ 10, ಆಂಬಿಯಂಟ್ ಮೈನಸ್ 19. ಪಂಕನ್ನು ಮೈನಸ್ 8ರಿಂದ ಮೈನಸ್ 10ಕ್ಕೆ ಇಳಿಸಿದ್ರೆ ಸ್ನೇರಿನ ಪೆಟ್ಟು ವಾಪಸ್ ಬರ್ತದೆ, ಕಳಕೊಳ್ಳುವಂಥದ್ದು ಏನೂ ಇಲ್ಲ. ಮೈನಸ್ 14ಕ್ಕಿಂತ ಜೋರಿರೋ ಮಾಸ್ಟರಿಗೆ ಟ್ರೂ ಪೀಕ್ (ಸ್ಯಾಂಪಲ್‌ಗಳ ನಡುವೆ ಏಳೋದನ್ನೂ ಸೇರಿಸಿದ ಪೀಕ್) ಮೈನಸ್ 2 ಇಡಿ ಅಂತ ಸ್ಪಾಟಿಫೈಯವರೇ ಹೇಳ್ತಾರೆ, ಯಾಕಂದ್ರೆ ಅಷ್ಟು ಒತ್ತಿದ ಫೈಲನ್ನು ಎಂಕೋಡ್ ಮಾಡುವಾಗ ಪೀಕ್ ಇನ್ನಷ್ಟು ಮೇಲೆ ಹಾರಿ ಒಡೀತದೆ.

ಅಂತರ ದೊಡ್ಡದು ಅನ್ನಿಸಲಿಕ್ಕೆ ಡಿಬಿಯೇ ಬೇಕಂತಿಲ್ಲ. ಎರಡನೇ ಟ್ರ್ಯಾಕಿನ ಕೊನೆಯ 10 ಸೆಕೆಂಡಿನಲ್ಲಿ ಹೈ ಪಾಸ್ ಫಿಲ್ಟರನ್ನು (ಕೆಳಗಿನ ಆವರ್ತನ ತೆಗೆಯೋದು) ನಿಧಾನವಾಗಿ 40ರಿಂದ 250 ಹರ್ಟ್ಜ್‌ವರೆಗೆ ಏರಿಸಿ, ಜೊತೆಗೆ ಸ್ಟೀರಿಯೋವನ್ನು ಮೋನೋ ಕಡೆಗೆ ಕಿರಿದು ಮಾಡ್ತಾ ಬನ್ನಿ. ಮುಂದಿನ ಹಾಡಿನ ಕಿಕ್ ಬಂದಾಗ ಮೀಟರ್ ತೋರಿಸೋದಕ್ಕಿಂತ ದೊಡ್ಡದಾಗಿ ಕೇಳ್ತದೆ.

ಇನ್ನು ಮಳೆ. ಶೀಟಿನ ಮಳೆಯೂ ಫಜ್ಜೂ ಎರಡೂ ಎಲ್ಲ ಆವರ್ತನಗಳಲ್ಲೂ ಹರಡಿಕೊಂಡಿರೋ ಸದ್ದು. ಜಗಳ ಹೆಚ್ಚು ನಡೆಯೋದು 2ರಿಂದ 6 ಕಿಲೋಹರ್ಟ್ಜ್ ನಡುವೆ. ಫಜ್ ಬರೋ ಜಾಗದಲ್ಲಿ ಮಳೆಯ ಆ ಪಟ್ಟಿಯನ್ನು ಮಾತ್ರ ಡೈನಮಿಕ್ ಈಕ್ಯೂನಲ್ಲಿ (ಬೇಕಾದಾಗ ಮಾತ್ರ ಕೆಲಸ ಮಾಡೋ ಈಕ್ವಲೈಜರ್) 4ರಿಂದ 6 ಡಿಬಿ ಇಳಿಸಿ, ಗಿಟಾರನ್ನೇ ಸೈಡ್‌ಚೈನಿಗೆ ಕೊಡಿ, ಅಂದ್ರೆ ಗಿಟಾರ್ ಬಂದಾಗ ಮಾತ್ರ ಮಳೆ ಇಳೀತದೆ. ರಿಲೀಸ್ (ಇಳಿದದ್ದು ವಾಪಸ್ ಏರೋ ಸಮಯ) 400 ಮಿಲಿಸೆಕೆಂಡಿಗಿಂತ ಕಡಿಮೆ ಇಡಬೇಡಿ, ಇಟ್ರೆ ಮಳೆ ಗಿಟಾರಿನ ತಾಳಕ್ಕೆ ಉಸಿರಾಡಿದ ಹಾಗೆ ಕೇಳ್ತದೆ. ಇನ್ನೊಂದು ದಾರಿ, ಶೀಟು ಬಿಟ್ಟು ಹೆಂಚಿನ ಮಾಡಿನ ಮಳೆ ಬಳಸೋದು. ಅದರಲ್ಲಿ ಮೇಲಿನ ಕಿರಿಚು ಕಡಿಮೆ, ಸೂರಿನಿಂದ ಬೀಳೋ ನೀರಿನ ತೊಟತೊಟ ಬಿಡಿಬಿಡಿಯಾಗಿ ಸಿಗ್ತದೆ. ಫಜ್ ಪಕ್ಕ ಅದೇ ಚೆಂದ.

ಒಂಬತ್ತುವೋಲ್ಟ್ (ವಿರಾಜಪೇಟೆ)

ಗೊಣಗಾಟದ ಬಗ್ಗೆ. 50 ಹರ್ಟ್ಜ್ ಗುಂಯ್ ಬೇರೆ, ಇನ್ವರ್ಟರಿನ ಜಿರ್ ಬೇರೆ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಕೊಡೋ ಕರೆಂಟಿನ ಅಲೆ ಚೌಕಾಕಾರ, ಆದ್ದರಿಂದ 150, 250, 350 ಹೀಗೆ ಮೇಲಿನವರೆಗೂ ಗುಣಕಗಳು ತುಂಬಿರುತ್ತವೆ. ಸಿಂಗಲ್ ಕಾಯಿಲ್ ಪಿಕಪ್ ಅದನ್ನೆಲ್ಲ ಹೀರಿಕೊಳ್ಳುತ್ತೆ, ಫಜ್ ಅದನ್ನು ಹತ್ತು ಪಟ್ಟು ಮಾಡುತ್ತೆ. 50ರಲ್ಲಿ ಒಂದು ನಾಚ್ (ಆ ಒಂದು ಆವರ್ತನವನ್ನು ಕಡಿಯೋ ಫಿಲ್ಟರ್) ಹಾಕಿ ಕೂತರೆ ಏನೂ ಹೋಗಲ್ಲ.

ಪರೀಕ್ಷೆ ಸುಲಭ. ಗಿಟಾರಿನ ವಾಲ್ಯೂಮ್ ಸೊನ್ನೆಗೆ ತನ್ನಿ. ಸದ್ದು ನಿಂತರೆ ಬರ್ತಿರೋದು ಪಿಕಪ್ಪಿನಿಂದ. ಕೂತಲ್ಲೇ 90 ಡಿಗ್ರಿ ತಿರುಗಿ ನೋಡಿ, ಒಂದು ದಿಕ್ಕಿನಲ್ಲಿ ತುಂಬ ಕಡಿಮೆಯಾಗುತ್ತೆ. ಸೊನ್ನೆಯಲ್ಲೂ ಇದ್ದರೆ ಪೆಡಲಿನ ಪವರ್ ಅಥವಾ ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ತ್ ಆಗಿ ಬರೋ ಗುಂಯ್). ಒಂದೇ ಅಡಾಪ್ಟರಿನಿಂದ ಸರಪಳಿ ಹಾಕಿ ಫಜ್ಜಿಗೂ ಡಿಜಿಟಲ್ ರಿವರ್ಬಿಗೂ ಕರೆಂಟ್ ಕೊಟ್ಟಿದ್ದರೆ ಡಿಜಿಟಲ್ ಪೆಡಲಿನ ಕ್ಲಾಕ್ ಸದ್ದು ಕೀರಲಾಗಿ ಸೇರಿಕೊಳ್ಳುತ್ತೆ. ಫಜ್ಜಿಗೆ ಒಂದು 9 ವೋಲ್ಟ್ ಬ್ಯಾಟರಿ ಹಾಕಿ, ಅಲ್ಲಿಗೆ ಮುಗೀತು. ಕೆಲವೇ ಮಿಲಿಆಂಪ್ ಎಳೆಯೋ ಪೆಡಲ್ ಅದು, ಒಂದು ಬ್ಯಾಟರಿ ಇಡೀ ರೆಕಾರ್ಡಿಂಗಿಗೆ ಬರುತ್ತೆ.

ಇನ್ವರ್ಟರಿನಲ್ಲಿ ಕರೆಂಟ್ ಓಡೋ ದಿನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ, ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳೋ ಇಂಟರ್ಫೇಸ್ (ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸೋ ಡಬ್ಬ) ಬಳಸಿ, ಕೋಣೆಯ ಎಲ್‌ಇಡಿ ಬಲ್ಬು, ಫ್ಯಾನಿನ ರೆಗ್ಯುಲೇಟರ್ ಎರಡೂ ಆಫ್. ಆಂಪ್ ಬೇಡ, ನೇರ ಇಂಟರ್ಫೇಸಿಗೆ ಹಾಕಿ ಆಮೇಲೆ ರೀಆಂಪ್ ಮಾಡಿ, ಅಂದರೆ ಆ ಟೇಕನ್ನು ಆಂಪಿಗೆ ಕಳಿಸಿ ಮತ್ತೆ ರೆಕಾರ್ಡ್ ಮಾಡಿ. ಗ್ರೌಂಡ್ ಲೂಪ್ ಹೋಗುತ್ತೆ ಅಂತ ಆಂಪಿನ ಮೂರನೇ ಪಿನ್ ಮಾತ್ರ ಕೀಳಬೇಡಿ. ಮಳೆಗಾಲದ ಒದ್ದೆ ಸಿಮೆಂಟ್ ನೆಲ, ಕೈಯಲ್ಲಿ ತಂತಿ, ಆಂಪಿನಲ್ಲಿ ಲೀಕು: ಸಾಯೋಕೆ ಇಷ್ಟೇ ಸಾಕು. ತಂತಿ ಮುಟ್ಟಿದಾಗ ಚುರ್ ಅಂದರೆ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ನೋಡಿಸಿ, ರೆಕಾರ್ಡಿಂಗ್ ಆಮೇಲೆ.

ಈಗಾಗಲೇ ಆಗಿರೋ ಟೇಕುಗಳು: ಪಂಕ್ ಹಾಡಿನಲ್ಲಿ ಗಿಟಾರ್ ನಿಲ್ಲೋ ಜಾಗಗಳನ್ನು ಕೈಯಲ್ಲೇ ಕತ್ತರಿಸಿ, 5 ಮಿಲಿಸೆಕೆಂಡ್ ಫೇಡ್ ಕೊಡಿ. ಆ ಥಟ್ ಅಂತ ನಿಲ್ಲೋದು ಈ ಸಂಗೀತಕ್ಕೆ ಒಪ್ಪುತ್ತೆ. ಆಂಬಿಯಂಟ್ ಟೇಕುಗಳನ್ನು ಮತ್ತೆ ನುಡಿಸಿ. ನಾಯ್ಸ್ ರಿಡಕ್ಷನ್ ರಿವರ್ಬಿನ ಬಾಲವನ್ನು ಕಚ್ಚಿ ನೀರೊಳಗಿನ ಸದ್ದು ಮಾಡಿಬಿಡುತ್ತೆ.

ಕೇಳದಿದ್ದರೂ ಒಂದು ಮಾತು: ಫಜ್ ಫೇಸ್ ತರಹದ ಹಳೇ ವಿನ್ಯಾಸದ ಪೆಡಲ್ ಆದರೆ ಗಿಟಾರಿನ ನಂತರ ಮೊದಲು ಅದೇ ಇರಲಿ. ಮುಂದೆ ಬಫರ್ (ಸಿಗ್ನಲನ್ನು ಬಲಪಡಿಸೋ ಸರ್ಕ್ಯೂಟ್) ಇರೋ ಟ್ಯೂನರ್ ಇಟ್ಟರೆ ಸದ್ದು ತೆಳ್ಳಗಾಗಿ ಕರ್ಕಶವಾಗುತ್ತೆ, ಗಿಟಾರಿನ ವಾಲ್ಯೂಮ್ ಇಳಿಸಿದರೂ ಸ್ವಚ್ಛವಾಗಲ್ಲ. ಆಂಬಿಯಂಟಿಗೆ ರಿವರ್ಬನ್ನು ಫಜ್ಜಿನ ಮುಂದೆ ಹಾಕೋದಾದರೆ ಪೂರ್ತಿ ಕಾರ್ಡ್ ಬೇಡ. ಒಂದೇ ಸ್ವರ ಅಥವಾ ಸ ಪ ಜೋಡಿ. ಮೂರನೇ ಸ್ವರ ಸೇರಿದ ಕೂಡಲೇ ರಾಡಿ.

ಶೀಟುಮಳೆ (ಮಡಿಕೇರಿ)

ಚಾರ್ಜರ್ ಕಿತ್ತ ಮೇಲೆ ಅರ್ಧ ಗೊಣಗಾಟ ಹೋಯ್ತು, ಥ್ಯಾಂಕ್ಸ್ ಅಣ್ಣ. ಉಳಿದವು ಎರಡು. ಮಳೆಯ ಲೂಪ್ ಸೇರೋ ಜಾಗದಲ್ಲಿ ಒಂದು ಕ್ಷಣ ಮಳೆ ತಗ್ಗಿದ ಹಾಗೆ ಕೇಳ್ಸುತ್ತೆ. ಮತ್ತೆ, ಐದು ಟ್ರ್ಯಾಕೂ ಒಂದೇ ಕಡೆ ನುಡಿಸಿದ ಹಾಗೆ ಅನ್ನಿಸ್ತಿಲ್ಲ.

ಕಣದಬದಿ (ಸಿದ್ದಾಪುರ)

ಲೂಪಿಗೆ ಲೀನಿಯರ್ ಕ್ರಾಸ್‌ಫೇಡ್ (ಒಂದು ತುಂಡು ನೇರ ಗೆರೆಯಲ್ಲಿ ಇಳೀತಾ ಇನ್ನೊಂದು ಏರೋದು) ಹಾಕಿದ್ದೀರಿ. ಮಳೆಯ ಎರಡು ತುಂಡುಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲದ ಕಾರಣ ನಡುವಿನಲ್ಲಿ ಸುಮಾರು 3 ಡಿಬಿ ಗುಂಡಿ ಬೀಳ್ತದೆ. ಈಕ್ವಲ್ ಪವರ್ ಕ್ರಾಸ್‌ಫೇಡ್ (ನಡುವಿನಲ್ಲೂ ಒಟ್ಟು ಬಲ ಅಷ್ಟೇ ಇರೋದು) ಆರಿಸಿ, 5 ಸೆಕೆಂಡ್ ಉದ್ದ ಕೊಡಿ. ತುಂಡು 3 ನಿಮಿಷಕ್ಕಿಂತ ಚಿಕ್ಕದು ಬೇಡ. ಅದರೊಳಗೆ ಒಂದು ಹಕ್ಕಿ ಕೂಗೋ ನಾಯಿ ಬೊಗಳಿದ್ದೋ ಇದ್ರೆ ತೆಗೀರಿ, ಎರಡನೇ ಸಲ ಅದೇ ಹಕ್ಕಿ ಕೂಗಿದ ಕೂಡಲೇ ಕೇಳುವವರಿಗೆ ಗೊತ್ತಾಗ್ತದೆ.

ಹೊಸದಾಗಿ ರೆಕಾರ್ಡ್ ಮಾಡುವುದಾದ್ರೆ ಆಟೊ ಗೇನ್ ಆಫ್, 24 ಬಿಟ್ ವೇವ್ ಫೈಲ್, ಜೋರು ಮಳೆಯಲ್ಲೂ ಪೀಕ್ ಮೈನಸ್ 12 ದಾಟದ ಹಾಗೆ. ನಮ್ಮ ಕಡೆ ಮಳೆ ಎರಡು ನಿಮಿಷದಲ್ಲಿ ದುಪ್ಪಟ್ಟಾಗ್ತದೆ, ಜಾಗ ಬಿಟ್ಟಿರಬೇಕು. ರೆಕಾರ್ಡರನ್ನು ಜಗಲಿಯೊಳಗೆ ಒಂದೂವರೆ ಮೀಟರ್ ಒಳಕ್ಕೆ ಇಡಿ. ಗಾಳಿಗೆ ಹಾಕುವ ತುಪ್ಪಳದ ಕವರ್ ನೆನೆದ್ರೆ ಮೇಲಿನ ಸದ್ದೆಲ್ಲ ನುಂಗ್ತದೆ. ಕಂಡೆನ್ಸರ್ ಮೈಕು ಪಟಪಟ ಅನ್ನಲಿಕ್ಕೆ ಶುರು ಮಾಡಿದ್ರೆ ಕ್ಯಾಪ್ಸೂಲಿಗೆ ತೇವ ಹೊಕ್ಕಿದೆ ಅಂತ ಅರ್ಥ. ಮುಚ್ಚಳ ಬಿಗಿಯಾಗಿರೋ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಒಂದು ರಾತ್ರಿ ಇಡಿ. ನೀಲಿ ಜೆಲ್ ಗುಲಾಬಿಯಾದ್ರೆ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದ್ರೆ ಮತ್ತೆ ನೀಲಿ. ಅದರಲ್ಲಿ ಕೋಬಾಲ್ಟ್ ಉಂಟು, ಅಡುಗೆ ಪಾತ್ರೆಯಲ್ಲಿ ಕಾಯಿಸಬೇಡಿ.

ಒಂದೇ ಕಡೆ ನುಡಿಸಿದ ಹಾಗೆ ಆಗಬೇಕಿದ್ರೆ ಉತ್ತರ ನಿಮ್ಮ ಗೋಡೌನಿನಲ್ಲೇ ಉಂಟು. ಇಂಪಲ್ಸ್ ರೆಸ್ಪಾನ್ಸ್ (ಕೋಣೆಯ ಮಾರ್ದನಿಯ ಅಚ್ಚು) ತೆಗೀರಿ. ಒಂದು ಮೂಲೆಯಲ್ಲಿ ಸ್ಪೀಕರ್, 6 ಮೀಟರ್ ದೂರದಲ್ಲಿ ಎರಡು ಮೈಕು, 20ರಿಂದ 20,000 ಹರ್ಟ್ಜ್‌ವರೆಗೆ 20 ಸೆಕೆಂಡಿನ ಸೈನ್ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರ್ತಾ ಹೋಗೋ ಒಂದೇ ಸ್ವರ), ಮುಗಿದ ಮೇಲೆ 5 ಸೆಕೆಂಡ್ ಮೌನ. ಡೀಕನ್ವಾಲ್ವ್ ಮಾಡಿ (ಸ್ವೀಪನ್ನು ಕಳೆದು ಕೋಣೆಯ ಸದ್ದನ್ನಷ್ಟೇ ಉಳಿಸಿ) ಬಂದ ಫೈಲನ್ನು ಕನ್ವಲ್ಯೂಷನ್ ರಿವರ್ಬಿಗೆ (ಆ ಅಚ್ಚನ್ನು ಹಾಡಿಗೆ ಹಾಕೋ ಪ್ಲಗಿನ್) ಹಾಕಿ ಐದು ಟ್ರ್ಯಾಕಿಗೂ ಅದೊಂದನ್ನೇ ಬಳಸಿ: ಪಂಕಿನಲ್ಲಿ ಡ್ರಮ್ಸಿಗೂ ಕೂಗಿಗೂ ಚಿಟಿಕೆಯಷ್ಟು, ಆಂಬಿಯಂಟಿನಲ್ಲಿ ಗಿಟಾರಿಗೆ ಧಾರಾಳವಾಗಿ. ಬಲೂನ್ ಒಡೆದೂ ಮಾಡಬಹುದು, ಆದ್ರೆ ಅದರಲ್ಲಿ ಕೆಳಗಿನ ಆವರ್ತನ ಅಷ್ಟಾಗಿ ಇರೋದಿಲ್ಲ. ಮಳೆ ಇಲ್ಲದ ಹೊತ್ತು ನೋಡಿ ಮಾಡಿ, ಶೀಟಿನ ಸದ್ದು ಬಾಲವನ್ನು ಮುಚ್ಚಿಬಿಡ್ತದೆ. ಗೋಡೌನಿನಲ್ಲಿ ಕಾಫಿ ಚೆರಿ ಮೂಟೆ ಎಷ್ಟು ಇವೆ ಅನ್ನುವುದರ ಮೇಲೂ ಸದ್ದು ಬದಲಾಗ್ತದೆ: ತುಂಬಿದ ಮೂಟೆಗಳು ಮಧ್ಯದ, ಮೇಲಿನ ಆವರ್ತನ ಹೀರ್ತವೆ. ಖಾಲಿ ಗೋಣಿ ತೂಗುಹಾಕಿದ್ರೆ ತೀರ ಮೇಲಿನದ್ದು ಮಾತ್ರ ಹೋಗ್ತದೆ, ಕೋಣೆ ಇನ್ನಷ್ಟು ಗುಂಯ್ ಅನ್ನಿಸ್ತದೆ.

ಸಂತೆದಿನ (ಗೋಣಿಕೊಪ್ಪ)

ಬಿಡುಗಡೆ ವಿಷಯ ಯಾರೂ ಮುಟ್ಟಿಲ್ಲ, ನಾನು ಹೇಳ್ತೀನಿ.

ಟ್ರ್ಯಾಕ್‌ಗಳು ಒಂದಕ್ಕೊಂದು ಹರಿಯೋದಾದರೆ ಎಂಪಿ3 ಮಾಡಿ ಕತ್ತರಿಸಬೇಡಿ. ಎಂಕೋಡರ್ ಎರಡೂ ತುದಿಗೆ ಒಂದಿಷ್ಟು ಖಾಲಿ ಸೇರಿಸುತ್ತೆ, ಅಲ್ಲೇ ಟಕ್ ಅನ್ನೋದು. ಒಂದೇ ಸೆಷನ್ನಿನಿಂದ ಒಂದೇ ಸ್ಯಾಂಪಲ್ ಗಡಿಯಲ್ಲಿ ವೇವ್ ಕತ್ತರಿಸಿ. ಆದರೂ ವೆಬ್ ಪ್ಲೇಯರಿನಲ್ಲಿ ಸಣ್ಣ ತೆರಪು ಬರಬಹುದು, ಹಾಗಾಗಿ 26 ನಿಮಿಷವೂ ಒಂದೇ ಟ್ರ್ಯಾಕ್ ಆಗಿರೋದನ್ನು ಬೋನಸ್ ಆಗಿ ಇಡಿ. ಬ್ಯಾಂಡ್‌ಕ್ಯಾಂಪಿನಲ್ಲಿ ಹೊಸ ಖಾತೆಗೆ ಒಂದು ಟ್ರ್ಯಾಕಿಗೆ 291 ಎಂಬಿ ಮಿತಿ. 24 ಬಿಟ್ 48 ಕಿಲೋಹರ್ಟ್ಜ್ ಸ್ಟೀರಿಯೋ ನಿಮಿಷಕ್ಕೆ 17 ಎಂಬಿ ಮೇಲೆ, 26 ನಿಮಿಷಕ್ಕೆ 449, ಹತ್ತಲ್ಲ. ಫ್ಲ್ಯಾಕ್ (ಗುಣ ಕಳೆಯದೆ ಕುಗ್ಗಿಸೋ ಫೈಲ್) ಮಾಡಿದರೂ ಮಳೆಯಂಥ ಸದ್ದು ಹೆಚ್ಚು ಕುಗ್ಗಲ್ಲ. ಡಿದರ್ (ಬಿಟ್ ಇಳಿಸುವಾಗ ಸೇರಿಸೋ ಸಣ್ಣ ನಾಯ್ಸ್) ಹಾಕಿ 16 ಬಿಟ್ 44.1ಕ್ಕೆ ಇಳಿಸಿ, 275 ಎಂಬಿಗೆ ಬರುತ್ತೆ. ಮುಖಪುಟ ಕನಿಷ್ಠ 1400ಕ್ಕೆ 1400 ಪಿಕ್ಸೆಲ್, ಸ್ಪಾಟಿಫೈ ಕಡೆಗೂ ಬೇಕಲ್ಲ, 3000 ಮಾಡಿಬಿಡಿ.

ದುಡ್ಡು: ಡಿಜಿಟಲ್ ಮಾರಾಟದಲ್ಲಿ ಬ್ಯಾಂಡ್‌ಕ್ಯಾಂಪ್ 15 ಶೇಕಡಾ, ಕ್ಯಾಸೆಟ್ಟು ಟೀ ಶರ್ಟಿಗೆ 10 ಶೇಕಡಾ ಹಿಡಿಯುತ್ತೆ, ಪೇಪಾಲ್ ಶುಲ್ಕ ಬೇರೆ. ಪೇಪಾಲ್ ಖಾತೆಗೆ ಪ್ಯಾನ್, ಬ್ಯಾಂಕ್ ಖಾತೆ, ಪರ್ಪಸ್ ಕೋಡ್ (ಹಣ ಯಾವುದಕ್ಕೆ ಬಂತು ಅಂತ ಹೇಳೋ ಸಂಕೇತ) ಮೂರೂ ಮೊದಲೇ ಕೊಟ್ಟಿರಬೇಕು. 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ಅಲ್ಲಿಲ್ಲ, ಹೊರದೇಶದಿಂದ ಬರೋದು ಮಾತ್ರ. ಊರಿನವರಿಗೆ ಯುಪಿಐಯಲ್ಲಿ ತಗೊಂಡು ಡೌನ್‌ಲೋಡ್ ಕೋಡ್ ಕಳಿಸಿ. ಬಿಡಿ ಟ್ರ್ಯಾಕನ್ನು ಒಂದು ಡಾಲರಿಗೆ ಮಾರೋದು ದಂಡ, ಶುಲ್ಕವೇ ತಿಂದುಹಾಕುತ್ತೆ.

ಸ್ಪಾಟಿಫೈನಲ್ಲಿ 2024ರಿಂದ ಹಿಂದಿನ 12 ತಿಂಗಳಲ್ಲಿ 1000 ಸಲ ಕೇಳದ ಟ್ರ್ಯಾಕಿಗೆ ಕಾಸಿಲ್ಲ. ಬರೀ ಮಳೆಯ ಸದ್ದು ಇರೋ ಟ್ರ್ಯಾಕ್ ಅವರ ಲೆಕ್ಕದಲ್ಲಿ ಬೇರೆ ಗುಂಪು, ಕನಿಷ್ಠ 2 ನಿಮಿಷ ಇರಬೇಕು. ನಿಮ್ಮದರಲ್ಲಿ ಗಿಟಾರ್ ಇರೋದರಿಂದ ಪ್ರಕಾರ ತುಂಬುವಾಗ ‘ಆಂಬಿಯಂಟ್’ ಅಂತಲೇ ಹಾಕಿ, ಪ್ರಕೃತಿಯ ಸದ್ದು ಅಂತ ಹಾಕಬೇಡಿ. ಸಂಪಾದಕರ ಪ್ಲೇಲಿಸ್ಟಿಗೆ ಕಳಿಸೋಕೆ ಬಿಡುಗಡೆಗೆ 7 ದಿನ ಮೊದಲಾದರೂ ಬೇಕು. ಹಾಡನ್ನು ಸ್ಪಾಟಿಫೈಗೆ ತಲುಪಿಸೋ ವಿತರಕರ ತಡವನ್ನೂ ಸೇರಿಸಿ ಮೂರು ವಾರ ಇಟ್ಟುಕೊಳ್ಳಿ. ಕಳಿಸೋಕೆ ಆಗೋದು ಒಂದೇ ಟ್ರ್ಯಾಕ್. ಅಲ್ಲಿ ಮೂರನೆಯದನ್ನು ಕೊಡಿ ಅಂತ ನನ್ನ ಅಭಿಪ್ರಾಯ, ಆಂಬಿಯಂಟ್ ಪಟ್ಟಿಗಳಲ್ಲಿ ನೂಕುನುಗ್ಗಲು ಜಾಸ್ತಿ.

ದುಡಿ (ಕೊಡವರ ಚಿಕ್ಕ ಚರ್ಮವಾದ್ಯ), ಪಾಟ್ (ಕೊಡವ ಜನಪದ ಹಾಡು) ಏನಾದರೂ ಸ್ಯಾಂಪಲ್ ಮಾಡಿದ್ದರೆ ಹೇಳಿಬಿಡಿ. ನಡಿಕೇರಿಯಂಡ ಚಿಣ್ಣಪ್ಪನವರ 1924ರ ‘ಪಟ್ಟೋಲೆ ಪಳಮೆ’ಯಲ್ಲಿರೋ ಪಾಟ್‌ಗಳ ಸಾಹಿತ್ಯಕ್ಕೆ ಈಗ ಕಾಪಿರೈಟ್ ಇಲ್ಲ. ಆದರೆ ಯಾವುದೋ ತಂಡದ ಧ್ವನಿಮುದ್ರಣಕ್ಕೆ ಬೇರೆ ಹಕ್ಕಿದೆ, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಕ್ಯಾಸೆಟ್ಟಿನಿಂದ ಎತ್ತಬೇಡಿ. ದುಡಿ ಬಾರಿಸೋರನ್ನು ಕರೆದು ಅದೇ ಗೋಡೌನಿನಲ್ಲಿ ರೆಕಾರ್ಡ್ ಮಾಡಿ, ಸಂಭಾವನೆ ಕೊಟ್ಟು ಒಂದು ಹಾಳೆಯಲ್ಲಿ ಸಹಿ ಹಾಕಿಸಿಕೊಳ್ಳಿ, ಕ್ರೆಡಿಟಿನಲ್ಲಿ ಹೆಸರು ಹಾಕಿ.

ಶೀಟುಮಳೆ (ಮಡಿಕೇರಿ)

ದುಡಿ ಇಲ್ಲ, ಬರೀ ಮಳೆ. ಸ್ವೀಪ್ ನಾಳೆ ಬೆಳಿಗ್ಗೆ ತೆಗೀತೀನಿ. ಕಣದಬದಿ ಅಣ್ಣ, ಗೋಡೌನ್ ಈಗ ಪೂರ್ತಿ ಖಾಲಿ. ಬಾಲ ತುಂಬ ಉದ್ದ ಬರಲ್ವಾ?

ಕಣದಬದಿ (ಸಿದ್ದಾಪುರ)

ಬರಲಿ, ಉದ್ದ ಇದ್ರೇ ಒಳ್ಳೇದು. ಆಂಬಿಯಂಟಿಗೆ ಪೂರ್ತಿ ಬಾಲ ಬಿಡಿ. ಪಂಕಿಗೆ ಅದೇ ಫೈಲಿನ ಮೊದಲ 400 ಮಿಲಿಸೆಕೆಂಡ್ ಮಾತ್ರ ಇಟ್ಟು, 200 ಹರ್ಟ್ಜ್ ಕೆಳಗಿನದ್ದು ತೆಗೀರಿ. ಉದ್ದದ್ದನ್ನು ಗಿಡ್ಡ ಮಾಡಬಹುದು, ಗಿಡ್ಡದ್ದನ್ನು ಎಳೆದು ಉದ್ದ ಮಾಡಲಿಕ್ಕೆ ಆಗೋದಿಲ್ಲ.