ಮಾಡಿದ ಕೌದಿಗಳೆಲ್ಲ ಒಂದೇ ಥರ ಕಾಣ್ತಿವೆ, ಹೊಸ ವಿನ್ಯಾಸಕ್ಕೆ ಎಲ್ಲಿ ನೋಡಬೇಕು?

ಚಿಂದಿಚಿತ್ತಾರ:
ಐದು ಕೌದಿ ಮುಗಿದಿವೆ, ಐದೂ ಅಕ್ಕತಂಗಿಯರ ಹಾಗಿವೆ. ನಾಲ್ಕಿಂಚಿನ ಚೌಕ, ಒಂದು ಕಡುಬಣ್ಣ ಒಂದು ತಿಳಿಬಣ್ಣ, ಸುತ್ತ ಕೆಂಪು ಅಂಚು. ಪಿಂಟರೆಸ್ಟ್ ನೋಡಿದರೆ ಅಮೆರಿಕದ ಕ್ವಿಲ್ಟ್ ಬ್ಲಾಕ್‌ಗಳ (ಚೌಕ ನಮೂನೆಗಳ) ನಕಲಾಗುತ್ತೆ. ಕೈಯಲ್ಲಿರೋದು ಹಳೇ ಇಳಕಲ್ ಸೀರೆ 3, ಕಾಟನ್ ಪಂಚೆ 2, ಒಂದಷ್ಟು ಖಣದ ತುಂಡು. ಕೈಹೊಲಿಗೆ ಮಾತ್ರ. ಎಲ್ಲಿಂದ ಶುರು ಮಾಡಲಿ?

ಸೂಜಿಮಲ್ಲಿ:
ಅಂಗಳದಿಂದ. 7ರಿಂದ 4ಕ್ಕೆ ಇಳಿಯುವ ಸಂದುಚುಕ್ಕಿ ರಂಗೋಲಿ (ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರೋದು) ತಗೊಳ್ಳಿ: 4, 5, 6, 7, 6, 5, 4, ಒಟ್ಟು 37 ಚುಕ್ಕಿ. ಚುಕ್ಕಿಗೊಂದು ಷಟ್ಕೋನ ಇಟ್ಟರೆ ನಡುವಿನ ಹಾಸು ಸಿದ್ಧ. ಷಟ್ಕೋನದ ಬಾಹು 2 ಇಂಚು ಇದ್ದರೆ ಹಾಸು ಸುಮಾರು 24 ಇಂಚು ಅಗಲ, 22 ಇಂಚು ಎತ್ತರ ಬರುತ್ತೆ. ಅಚ್ಚಿಗೆ ಹಳೇ ಮದುವೆ ಕರೆಯೋಲೆಯ ರಟ್ಟು ಸಾಕು. ಬಟ್ಟೆಯನ್ನು ಸುತ್ತ ಕಾಲಿಂಚು ಜಾಸ್ತಿ ಕತ್ತರಿಸಿ, ರಟ್ಟಿನ ಮೇಲೆ ಮಡಚಿ ಕಚ್ಚಾ ಹೊಲಿಗೆ ಹಾಕಿ, ಅಂಚಿಗೆ ಅಂಚು ಸೇರಿಸಿ. ಅಕ್ಕಪಕ್ಕದ ತುಂಡುಗಳು ಕೂಡಿದ ಮೇಲೇ ರಟ್ಟು ತೆಗೆಯಿರಿ, ಮೊದಲೇ ತೆಗೆದರೆ ಓರೆ ಅಂಚು ಹಿಗ್ಗಿ ಮೂಲೆ ಸೇರಲ್ಲ. ಖಣ ಎಳೆ ಬಿಡುತ್ತೆ, ಅದಕ್ಕೆ ಅರ್ಧ ಇಂಚು ಬಿಡಿ.

ಎಳೆಬಿಚ್ಚು:
ರಂಗೋಲಿ ಚೆಂದ. ಆದರೆ ನಿಮ್ಮ ತೊಂದರೆ ನಕ್ಷೆಯದಲ್ಲ, ಕ್ರಮದ್ದು ಅಂತ ನನ್ನ ಗುಮಾನಿ. ಚೌಕ ಜೋಡಿಸಿ ಆಮೇಲೆ ಹೊಲಿದರೆ ಫಲಿತಾಂಶ ಮೊದಲೇ ಗೊತ್ತಿರುತ್ತೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ನೋಡಿ. ತುಂಡುಗಳನ್ನು ಮೊದಲು ಜೋಡಿಸೋದೇ ಇಲ್ಲ. ಹಾಸಿದ ಸೀರೆಯ ಹೊರ ಅಂಚಿನಿಂದ ಶುರು, ಒಂದೊಂದೇ ತುಂಡಿನ ಅಂಚು ಮಡಚಿ ಎಲ್ಲ ಪದರ ಸೇರಿಸಿ ಎಳೆಹೊಲಿಗೆ, ಸುತ್ತಿ ಸುತ್ತಿ ನಡುವಿಗೆ. ಮುಂದಿನ ಬಣ್ಣ ಯಾವುದು ಅನ್ನೋದನ್ನ ಪಕ್ಕದ ತುಂಡೇ ಹೇಳುತ್ತೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಫುಲಾ ಇಡ್ತಾರೆ, ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನೋ ಮಾತಿದೆ.

ಈ ಕ್ರಮದಲ್ಲಿ ಕೆಡೋದು ನಡುಭಾಗ. ಸಡಿಲ ಬಟ್ಟೆಯೆಲ್ಲ ಒಳಕ್ಕೆ ಸರಿದು ಗುಡ್ಡೆ ಏಳುತ್ತೆ. ಅದಕ್ಕೇ ಮೊದಲು ಪದರಗಳನ್ನು ನೆಲಕ್ಕೆ ಬಿಗಿಯಾಗಿ ಹಾಸಿ, ನಾಲ್ಕು ನಾಲ್ಕು ಇಂಚಿಗೆ ಉದ್ದಡ್ಡ ಕಚ್ಚಾ ಹೊಲಿಗೆ ಹಾಕಬೇಕು. ದಾರ ಒಂದು ಮೊಳ ದಾಟಿದರೆ ಸಿಕ್ಕಾಗುತ್ತೆ.

ಗವಂತಿ:
ಕಸೂತಿ ಯಾರೂ ಹೇಳಲಿಲ್ಲವಲ್ಲ! ಗ್ರಾಫ್ ಹಾಳೆಯಲ್ಲಿ ಮೆಂತೆ ಹೊಲಿಗೆಯ (ಕಸೂತಿಯಲ್ಲಿ ಕತ್ತರಿಯ ಹಾಗೆ ಅಡ್ಡಡ್ಡ ಹಾಕೋ ಹೊಲಿಗೆ) ಗೋಪುರ ಬರೆದು, ಒಂದು ಕತ್ತರಿ ಹೊಲಿಗೆಗೆ ಒಂದು ಬಟ್ಟೆ ಚೌಕ ಅಂತ ಲೆಕ್ಕ ಹಿಡೀರಿ. 2 ಇಂಚು ಕತ್ತರಿಸಿದರೆ ಹೊಲಿದ ಮೇಲೆ ಒಂದೂವರೆ ಉಳಿಯುತ್ತೆ. ಇಡೀ ಕೌದಿಗೆ ಬೇಡ, ಒಂದೇ ಗೋಪುರ, ಅದೂ ನಡುವಲ್ಲಲ್ಲ, ಒಂದು ಮೂಲೆಗೆ. ಉಳಿದದ್ದು ಬರೀ ಪಂಚೆ ಇರಲಿ. ಖಾಲಿ ಜಾಗಕ್ಕೆ ಹೆದರೋದ್ರಿಂದಲೇ ಎಲ್ಲ ಕೌದಿ ಒಂದೇ ಥರ ಆಗೋದು.

ಜೋಡಿಸಿದ್ದನ್ನು ಫೋನಿನಲ್ಲಿ ಕಪ್ಪುಬಿಳುಪು ಫೋಟೋ ತೆಗೆಯಿರಿ. ಕೆಂಪೂ ಹಸಿರೂ ಒಂದೇ ಬೂದುಬಣ್ಣವಾಗಿ ಕಂಡರೆ ದೂರದಿಂದ ಗೋಪುರ ಕಾಣಲ್ಲ.

ಚಿಂದಿಚಿತ್ತಾರ:
ಮೂಲೆಯ ಗೋಪುರ ಹಿಡಿಸಿತು. ಇಳಕಲ್ ಸೆರಗಿನ ಕೆಂಪನ್ನೇ ಹಾಕಬೇಕು ಅಂತಿದೆ. ಪಂಚೆಗೆ ಬಣ್ಣ ಹತ್ತಲ್ವಾ?

ಗವಂತಿ:
ಹತ್ತಬಹುದು. ಒದ್ದೆ ಬಿಳಿ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಒತ್ತಿ ನೋಡಿ. ಗುಲಾಬಿ ಕಲೆ ಬಂದರೆ ತಣ್ಣೀರಲ್ಲಿ ನೀರು ತಿಳಿಯಾಗೋವರೆಗೆ ಒಗೆದು ಮತ್ತೆ ಒತ್ತಿ. ಉಪ್ಪುನೀರನ್ನ ನಂಬಬೇಡಿ. ಆಮೇಲೂ ಬಿಡ್ತಿದ್ದರೆ ಬಿಳಿ ಪಂಚೆ ಬಿಟ್ಟು ಕಡು ನೀಲಿ ಹಾಸಿನ ಮೇಲೆ ಇಡಿ. ಸೆರಗು ರೇಷ್ಮೆಯದಾದರೆ ಕಾಟನ್ನಿನಷ್ಟು ಕುಗ್ಗಲ್ಲ, ಪಂಚೆಯನ್ನೂ ಮೊದಲೇ ಒಗೆದುಕೊಳ್ಳಿ.