ಪಾನ್ ಒಂದು ಮನೆ ಹಿಂದೆ ಇದ್ದದ್ದಕ್ಕೇ ಗೆದ್ದೆನಾ?

ತುಂಗಾತೀರ:
ಭಾನುವಾರ ಶಿವಮೊಗ್ಗದಲ್ಲಿ ಚೆಸ್ ಟೂರ್ನಮೆಂಟ್ ಇತ್ತು. ಕೊನೇ ರೌಂಡಲ್ಲಿ ನನ್ನದು ಬ್ಲ್ಯಾಕ್. ಎದುರಿಗೆ ಸಾಗರದ ಹುಡುಗ, ಹನ್ನೆರಡು ವರ್ಷ ಇರಬಹುದು. ಕಾಯಿಗಳೆಲ್ಲ ಹೋಗಿ ಉಳಿದದ್ದು ಇಷ್ಟೇ: ನನ್ನ ರಾಜ ಇ4 ಮನೆಯಲ್ಲಿ, ಪಾನ್ (ಕಾಲಾಳು) ಇ6ರಲ್ಲಿ. ಬ್ಲ್ಯಾಕ್ ಪಾನ್ 1ನೇ ಸಾಲಿನ ಕಡೆಗೆ ಇಳಿಯುತ್ತದೆ, ಅಲ್ಲಿ ಮುಟ್ಟಿದರೆ ರಾಣಿ ಆಗುತ್ತದೆ. ಅವನ ರಾಜ ಇ2. ಸರದಿ ನನ್ನದು, ಗಡಿಯಾರದಲ್ಲಿ 40 ಸೆಕೆಂಡ್. ಪಾನನ್ನು ಇ5ಕ್ಕೆ ತಳ್ಳಿದೆ. ಹುಡುಗ ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ತುಂಬಾ ಹೊತ್ತು ಬೋರ್ಡ್ ನೋಡಿದ. ಆಮೇಲೆ ಗಡಿಯಾರ ನಿಲ್ಲಿಸಿ ಕೈ ಚಾಚಿದ.

ಕಾಯಿ ಜೋಡಿಸುತ್ತಾ ಕೇಳಿದ: "ಅಂಕಲ್, ಪಾನ್ ಆಗಲೇ ಇ5ರಲ್ಲಿ ಇದ್ದಿದ್ರೆ ಡ್ರಾ ಆಗ್ತಿತ್ತು ಅಲ್ವಾ?"

ನನಗೆ ಉತ್ತರ ಗೊತ್ತಾಗಲಿಲ್ಲ. ಪಾನ್ ಮುಂದೆ ಹೋದಷ್ಟೂ ಒಳ್ಳೇದು ಅಲ್ವಾ? ತೀರ್ಥಹಳ್ಳಿ ಬಸ್ಸು ಮಂಡಗದ್ದೆ ದಾಟಿದರೂ ತಲೆಯಲ್ಲಿ ಅದೇ. ಯಾರಾದರೂ ಬಿಡಿಸಿ ಹೇಳಿ.

ಹಳೇ ಕುದುರೆ:
ಹುಡುಗ ಹೇಳಿದ್ದು ಸರಿ. ಇಬ್ಬರು ರಾಜರು ಎದುರುಬದುರು, ನಡುವೆ ಒಂದೇ ಮನೆ. ಆಗ ಯಾರ ಸರದಿಯೋ ಅವರು ದಾರಿ ಬಿಡಬೇಕು. ಇದೇ ಅಪೊಸಿಷನ್. ನಿಮ್ಮ ಹತ್ತಿರ ಪಾನಿನ ಒಂದು ನಡೆ ಉಳಿದಿತ್ತು. ಅದನ್ನು ಆಡಿ ಸರದಿಯನ್ನು ಅವನ ತಲೆಗೆ ಹಾಕಿದಿರಿ. ಅವನ ರಾಜ ಡಿ2ಕ್ಕೆ ಸರಿದರೆ ನಿಮ್ಮದು ಎಫ್3ಕ್ಕೆ ನುಗ್ಗಿ ಪಾನಿಗೆ ದಾರಿ ಮಾಡಿಕೊಡುತ್ತದೆ.

ಪಾನ್ ಇ5ರಲ್ಲೇ ಇದ್ದು ಸರದಿ ನಿಮ್ಮದಾಗಿದ್ದರೆ? ನಿಮ್ಮ ರಾಜ ಡಿ4, ಅವನದು ಡಿ2. ಪಾನ್ ಇ4, ಅವನು ಇ2. ಪಾನ್ ಇ3, ಅವನು ಇ1. ಇಲ್ಲಿ ನೇರ ಹಿಂದಕ್ಕೇ ಹೋಗಬೇಕು, ಪಕ್ಕಕ್ಕೆ ಹೋದರೆ ಸೋತ. ನೀವು ಡಿ3, ಅವನು ಡಿ1. ಪಾನ್ ಇ2 ಚೆಕ್, ಅವನು ಇ1. ಈಗ ಪಾನ್ ಉಳಿಸೋಕೆ ನಿಮ್ಮ ರಾಜ ಇ3ಕ್ಕೆ ಬರಲೇಬೇಕು. ಬಂದರೆ ಸ್ಟೇಲ್‌ಮೇಟ್: ಅವನಿಗೆ ಚೆಕ್ ಇಲ್ಲ, ಆಡೋಕೆ ನಡೆಯೂ ಇಲ್ಲ, ಹಾಗಾಗಿ ಡ್ರಾ.

ಮಲೆನಾಡು ಆನೆ:
ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ ಸರ್. ಬೋರ್ಡ್ ಇಟ್ಟು ಎರಡೂ ಕಡೆಯಿಂದ ಹತ್ತು ಸಲ ಆಡಿ. ಒಂದು ಮಾತು, ಪಾನ್ ಎ ಅಥವಾ ಎಚ್ ಸಾಲಿನಲ್ಲಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಎದುರಾಳಿಯ ರಾಜ ಅದರ ಮುಂದೆ ಬಂದು ಕೂತರೆ ಡ್ರಾನೇ. ಸುತ್ತಿ ಬರೋಕೆ ಆ ಕಡೆ ಮನೆಯೇ ಇರುವುದಿಲ್ಲ.

ತುಂಗಾತೀರ:
ಇಬ್ಬರಿಗೂ ಥ್ಯಾಂಕ್ಸ್. ರಾತ್ರಿ ಜಗಲಿಯಲ್ಲಿ ಬೋರ್ಡ್ ಹಾಸಿ ಮಗಳ ಜೊತೆ ಆಡಿದೆ. ಅವಳು ವೈಟ್ ಹಿಡಿದು ಮೂರು ಸಲ ಇ1ಕ್ಕೆ ಬಂದು ಡ್ರಾ ಮಾಡಿದಳು. ಇ6ರಿಂದ ಶುರು ಮಾಡಿದಾಗ ಮಾತ್ರ ಅವಳಿಗೆ ಏನೂ ಮಾಡೋಕಾಗಲಿಲ್ಲ. ಆ ಹುಡುಗನ ಅಪ್ಪನ ನಂಬರ್ ಸ್ಕೋರ್‌ಶೀಟ್ ಹಿಂದೆ ಬರೆದುಕೊಂಡಿದ್ದೇನೆ. ಸಂಜೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ ಮಗಾ ಅನ್ನಬೇಕು.